ಆಯುಷ್ಯ ಮುಗಿಯದ ಕ್ಷಿಪಣಿಗಳು

ಹೊಳೆದಂಡೆಯ ಆ ಮಠದಲ್ಲಿ ಮರುಳಯ್ಯ ಅಜ್ಜಾರು ಧ್ಯಾನ ಕಲಿಸುತ್ತಿದ್ದದ್ದು ಕಂಪ್ಯೂಟರಿನಲ್ಲಿ, ಯುದ್ಧವಿಮಾನದ ಆಟ ಆಡಿಸಿ. ನಗಬೇಡಿ. ಪ್ರಾಯದಲ್ಲಿ ನಿಜವಾದ ವಿಮಾನ ಹಾರಿಸಿದವರು ಅವರು. ಮನಸ್ಸು ನೆಟ್ಟಗಾಗಲು ಆಕಾಶಕ್ಕಿಂತ ಒಳ್ಳೆಯ ಜಾಗವಿಲ್ಲ ಅಂತ ನಂಬಿದವರು.

ಪಂಪಣ್ಣ, ದ್ಯಾಮಣ್ಣ ಇಬ್ಬರೂ ಅವರ ಶಿಷ್ಯರು. ಒಂದೇ ತಟ್ಟೆಯಲ್ಲಿ ಉಂಡು ಒಂದೇ ಪಡಸಾಲೆಯಲ್ಲಿ ಮಲಗುವವರು.

ಒಂದು ದಿನ ದ್ಯಾಮಣ್ಣ ಎಲ್ಲರೆದುರು ಪಂಪಣ್ಣನ ವಿಮಾನ ಹೊಡೆದು ಕೆಡವಿ, ಗೊಳ್ಳೆಂದು ನಕ್ಕುಬಿಟ್ಟ. ಅಷ್ಟೇ. ಪಂಪಣ್ಣನಿಗೆ ಮೈಯೆಲ್ಲ ಉರಿದುಹೋಯಿತು.

ಆ ಆಟದ ಕ್ಷಿಪಣಿ ಎಂಜಿನ್ನಿನ ಬಿಸಿ ಹುಡುಕಿಕೊಂಡು ಹೋಗುತ್ತದೆ. ಸ್ವಲ್ಪ ಹೊತ್ತು ಹುಡುಕಿ, ಸಿಗದಿದ್ದರೆ ತಾನಾಗಿ ಸಿಡಿದು ಸಾಯುತ್ತದೆ. ಪಂಪಣ್ಣ ಆಟದ ಫೈಲು ಬಿಚ್ಚಿ ಆ ಸಾವನ್ನೇ ಅಳಿಸಿಹಾಕಿದ. ಒಂದು ಸಾಲದು ಅಂತ ಒಮ್ಮೆಗೇ ನಾಲ್ಕಾರು ಬಿಡತೊಡಗಿದ.

ದ್ಯಾಮಣ್ಣ ಏರಿದಾಗಲೆಲ್ಲ ಬಿದ್ದ. ಗೆಳೆಯ ಏನು ಮಾಡಿದ್ದಾನೆ ಅಂತ ಅವನಿಗೆ ಗೊತ್ತಾಯಿತು. ಜಗಳಕ್ಕೆ ಬರಲಿಲ್ಲ, ಪಾಪ. ಚಾಪೆ ಸುತ್ತಿಕೊಂಡು ಆಚೆ ಪಡಸಾಲೆಗೆ ಹೋದ.

ಗೆದ್ದ ಪಂಪಣ್ಣ ತಟ್ಟೆಯ ಮುಂದೆ ಒಬ್ಬನೇ ಕೂರುವ ಹಾಗಾಯಿತು. ಹಾಳಾಗಲಿ, ಒಬ್ಬನೇ ಹಾರೋಣ ಅಂತ ವಿಮಾನ ಏರಿಸಿದ.

ಮೇಲೆ ಹೋಗಿ ನೋಡಿದರೆ, ಗುರಿ ಸಿಗದ ಕ್ಷಿಪಣಿಗಳೆಲ್ಲ ಇನ್ನೂ ಅಲ್ಲೇ ಇವೆ. ಆಟದ ಸಂಜೆಬೆಳಕಿನಲ್ಲಿ ಬಿಳಿ ಹೊಗೆಯ ಎಳೆ ಬಿಡುತ್ತ, ಹಟ್ಟಿ ಮರೆತ ದನಗಳ ಹಾಗೆ, ಸದ್ದಿಲ್ಲದೆ ಸುತ್ತುತ್ತಿವೆ. ಚೆಂದವೇನೋ ಚೆಂದವೇ. ಆದರೆ ಅವು ಒಂದೊಂದಾಗಿ ಇವನ ಕಡೆ ತಿರುಗಿದವು. ಅಷ್ಟು ದೊಡ್ಡ ಆಕಾಶದಲ್ಲಿ ಬಿಸಿ ಇದ್ದವನು ಇವನೊಬ್ಬನೇ. ಮಾಡಿದ್ದುಣ್ಣೋ ಮಹರಾಯ.

ಅಜ್ಜಾರ ಬಳಿ ಹೋಗಿ ಎಲ್ಲ ಹೇಳಿಕೊಂಡ. ಫೈಲು ಮೊದಲಿನಂತೆ ಮಾಡಿದರೂ, ಆಗಲೇ ಬಿಟ್ಟ ಕ್ಷಿಪಣಿಗಳು ಮಾತು ಕೇಳುತ್ತಿಲ್ಲ ಅಂದ.

"ಅವು ಯಾರನ್ನ ಹುಡುಕತಾವ?" ಅಂತ ಕೇಳಿದರು ಅಜ್ಜಾರು.

"ದ್ಯಾಮಣ್ಣನ್ನ, ಅಜ್ಜಾರ. ಅವ ಎಂದೋ ಬಿದ್ದಾನ. ಅವಕ್ಕ ಗೊತ್ತಿಲ್ಲ."

ಆಟವನ್ನೇ ಬಂದ್ ಮಾಡಿ ಹೊಸದಾಗಿ ಶುರು ಮಾಡಿದರೆ ಎಲ್ಲ ಮಾಯವಾಗುತ್ತವೆ, ಹಾಗೆ ಮಾಡಲೇ ಅಂತಲೂ ಕೇಳಿದ.

"ಮಾಡು. ಆಮ್ಯಾಲೆ ದ್ಯಾಮಣ್ಣನ ಚಾಪಿ ತಿರುಗಿ ಬರತೈತೇನು?"

ಪಂಪಣ್ಣನಿಗೆ ಬೇಕಾಗಿದ್ದದ್ದು ಅದೊಂದೇ.

ಅಜ್ಜಾರು ದ್ಯಾಮಣ್ಣನನ್ನು ಕರೆಸಿದರು. ಅವನು ಬಂದು ಮುಖ ಊದಿಸಿಕೊಂಡು ಬಾಗಿಲಲ್ಲೇ ನಿಂತ. ಅಜ್ಜಾರು ತಾವೇ ಕೂತು ವಿಮಾನ ಏರಿಸಿದರು. ಕ್ಷಿಪಣಿಗಳು ಹಿಂಡುಗಟ್ಟಿ ಬಂದವು. ಅವು ಹತ್ತಿರವಾದಂತೆ ಅಜ್ಜಾರು ಎಂಜಿನ್ ಬಂದ್ ಮಾಡಿದರು.

ಎಲ್ಲ ನಿಶ್ಶಬ್ದವಾಯಿತು. ತಣ್ಣಗಾದ ವಿಮಾನ ಮೋಡದ ಮೇಲೆ ಮೆಲ್ಲಗೆ ಜಾರತೊಡಗಿತು. ಕ್ಷಿಪಣಿಗಳು ರೆಕ್ಕೆಯ ಎಡಕ್ಕೂ ಬಲಕ್ಕೂ ಹಾದುಹೋದವು. ಯಾವುದಕ್ಕೂ ಅವರು ಕಾಣಲಿಲ್ಲ. ಬಹಳ ಹೊತ್ತು ಹಾಗೆಯೇ ತೇಲಿ, ಕಡೆಗೆ ವಿಮಾನ ಕೆಳಗಿನ ಹೊಳೆಗೆ ಬಿತ್ತು. ಬಿದ್ದೆ ನೋಡ್ರಪ್ಪಾ ಅಂತ ಎಲ್ಲರಿಗಿಂತ ಮೊದಲು ಅಜ್ಜಾರೇ ನಕ್ಕರು.

ಆಮೇಲೆ ಪಂಪಣ್ಣನಿಗೆ ಜಾಗ ಬಿಟ್ಟುಕೊಟ್ಟರು.

ಅವನ ವಿಮಾನ ಮೇಲೇರಿದ್ದೇ ತಡ, ಕ್ಷಿಪಣಿಗಳು ಮತ್ತೆ ತಿರುಗಿದವು. ಪಂಪಣ್ಣ ಎಂಜಿನ್ನಿನ ಗುಂಡಿಯ ಮೇಲೆ ಬೆರಳಿಟ್ಟ, ಒತ್ತಲಿಲ್ಲ. ಅವನಿಗೆ ಅವುಗಳ ಹೆದರಿಕೆ ಅಷ್ಟಿರಲಿಲ್ಲ. ಬೆನ್ನ ಹಿಂದೆ ದ್ಯಾಮಣ್ಣ ನಿಂತು ನೋಡುತ್ತಿದ್ದ.

"ಅಜ್ಜಾರ, ಎಂಜಿನ್ ಬಂದ್ ಮಾಡಿದರ ಬೀಳತೀನ್ರಿ. ಇವನ ಕಣ್ಣೆದುರಿಗೇ ಬೀಳತೀನ್ರಿ."

ಅಜ್ಜಾರು ಅವನ ಹೆಗಲ ಮೇಲೆ ಕೈಯಿಟ್ಟರು.

"ಬೀಳೂದು ಖರೆ. ಅದಕ್ಕೂ ಮೊದಲ ಒಂದಿಷ್ಟು ತೇಲತಿ."