ಮೊಲೆ ಬಿಟ್ಟು ಅಳುವ ಕೂಸು

ಹೊಳೆದಂಡೆಯ ಒಂದು ಊರಿನಲ್ಲಿ ಸಣ್ಣೀರಮ್ಮ ಎಂಬ ಸೂಲಗಿತ್ತಿ ಇದ್ದಳು. ಸುತ್ತಲಿನ ಏಳೆಂಟು ಹಳ್ಳಿಗಳಲ್ಲಿ ಹುಟ್ಟಿದ ಕೂಸುಗಳೆಲ್ಲ ಮೊದಲು ಬಂದದ್ದು ಅವಳ ಕೈಗೇ.

ಅವಳಿಗೆ ಒಬ್ಬಳೇ ಶಿಷ್ಯೆ, ಪಾಲಾಕ್ಷಿ. ಆರು ವರ್ಷ ಅವಳ ಹಿಂದೆ ತಿರುಗಿ ಕೆಲಸ ಕಲಿತವಳು. ಕೈ ಚುರುಕು, ಬಾಯಿ ಇನ್ನೂ ಚುರುಕು. ಬಾಣಂತಿ ಹೇಗೆ ಕೂರಬೇಕು, ಹೇಗೆ ಹಾಲು ಕುಡಿಸಬೇಕು, ಏನು ತಿನ್ನಬಾರದು, ಎಲ್ಲವನ್ನೂ ಅವಳೇ ಹೇಳಿ ಮುಗಿಸುತ್ತಿದ್ದಳು. ಸಣ್ಣೀರಮ್ಮ ಪಕ್ಕದಲ್ಲಿ ಸುಮ್ಮನೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು.

ಆಮೇಲೆ ಪಾಲಾಕ್ಷಿಗೇ ಹೆರಿಗೆಯಾಯಿತು. ಹೆಣ್ಣು ಕೂಸು. ಮೂರು ದಿನ ಬಂದು ನೋಡಿಕೊಂಡ ಗುರುವಿಗೆ ಅವಳೇ ಹೇಳಿದಳು: "ಇನ್ನು ನೀನು ಬರೋದು ಬೇಡ ಅಜ್ಜೀ. ನನಗೆ ಗೊತ್ತಲ್ಲ, ನಾನೇ ನೋಡ್ಕೋತೀನಿ."

ಸಣ್ಣೀರಮ್ಮ ಮತ್ತೆ ಆ ಮನೆಗೆ ಹೋಗಲಿಲ್ಲ.

ಇಪ್ಪತ್ತೆರಡನೇ ದಿನ ಮಧ್ಯಾಹ್ನ ಪಾಲಾಕ್ಷಿಯೇ ಗುರುವಿನ ಬಾಗಿಲಿಗೆ ಬಂದು ನಿಂತಳು. ತಲೆಗೆ ಬಟ್ಟೆ, ಕಿವಿಯಲ್ಲಿ ಹತ್ತಿ, ಎದೆಯ ಮೇಲೆ ಕಿರುಚುವ ಕೂಸು. ಬಾಣಂತಿ ಮನೆ ಬಿಟ್ಟು ಹೊರಗೆ ಬರುವ ದಿನವಲ್ಲ ಅದು.

ಸಣ್ಣೀರಮ್ಮ ಯಾಕೆ ಬಂದೆ ಎಂದು ಕೇಳಲಿಲ್ಲ. ಚಾಪೆ ಹಾಸಿದಳು.

"ನನ್ನ ಕೈಲಿ ಆಗಲ್ಲ ಅಜ್ಜೀ."

"ಏನು ಆಗಲ್ಲ?"

"ಇದಕ್ಕೆ ಹಾಲು ಕುಡಿಸೋದು. ನಾಲ್ಕು ಗುಟುಕು ಕುಡಿಯುತ್ತೆ, ಮೊಲೆ ಬಿಟ್ಟು ಕಿರುಚುತ್ತೆ. ಬೆನ್ನು ಬಿಲ್ಲಿನ ಹಾಗೆ ಮಾಡುತ್ತೆ. ಮತ್ತೆ ಬೇಕು ಅನ್ನುತ್ತೆ, ಮತ್ತೆ ಬಿಡುತ್ತೆ. ಹೊಟ್ಟೆ ಮುಟ್ಟಿದರೆ ತಮಟೆ ಮುಟ್ಟಿದ ಹಾಗೆ. ಹದಿನೈದು ದಿನದಿಂದ ನಾನು ನೆಟ್ಟಗೆ ಕಣ್ಣು ಮುಚ್ಚಿಲ್ಲ."

"ಮೈ ಬಿಸಿ ಇದೆಯಾ?"

"ಇಲ್ಲ."

"ಉಚ್ಚೆ ಹೊಯ್ಯುತ್ತಾ?"

"ದಿನಕ್ಕೆ ಎಂಟು ಹತ್ತು ಬಟ್ಟೆ ಒಗೀತೀನಿ."

"ಎತ್ತಿಕೊಂಡರೆ ಕೈಗೆ ಭಾರ ಹತ್ತುತ್ತಾ?"

"ಹುಟ್ಟಿದಾಗಿನಕ್ಕಿಂತ ಭಾರ ಇದೆ."

"ಹಾಗಾದರೆ ಕೂಸು ಚೆನ್ನಾಗಿದೆ."

"ಕೂಸು ಚೆನ್ನಾಗಿದೆ," ಎಂದಳು ಪಾಲಾಕ್ಷಿ. "ನಾನು ಚೆನ್ನಾಗಿಲ್ಲ."

ಸಣ್ಣೀರಮ್ಮ ಕೈ ಚಾಚಿ ಕೂಸನ್ನು ತೆಗೆದುಕೊಂಡಳು. ಕೂಸು ಅಲ್ಲಿಯೂ ಕಿರುಚಿತು.

"ನನ್ನ ಹಾಲು ಕೂಸಿಗೆ ಒಗ್ಗಲ್ಲ ಅಂತಾರೆ ಅತ್ತೆ. ಇವತ್ತು ಸಂಜೆಯಿಂದ ಹಸುವಿನ ಹಾಲು ಹಾಕೋಣ ಅಂದರು. ಹೂಂ ಅಂದುಬಿಟ್ಟೆ. ಇನ್ನೊಂದು ಮಾತು ಅಜ್ಜೀ. ಇನ್ನು ಮೇಲೆ ನಾನು ನಿನ್ನ ಜೊತೆ ಹೆರಿಗೆಗೆ ಬರಲ್ಲ."

"ಯಾಕೆ?"

"ಊರ ಹೆಂಗಸರಿಗೆಲ್ಲ ಹೇಳಿದ್ದನ್ನ ನಾನೂ ಮಾಡಿ ನೋಡಿದೆ. ಓಂಕಾಳಿನ ನೀರು ಕುಡಿದೆ. ಬೇಳೆ ಬಿಟ್ಟೆ, ಗೆಣಸು ಬಿಟ್ಟೆ. ಕೂಸಿನ ಹೊಟ್ಟೆಗೆ ಹರಳೆಣ್ಣೆ ಸವರಿದೆ. ಕಾಲು ಮಡಚಿದೆ, ಬಿಚ್ಚಿದೆ. ಒಂದು ದಿನ ಸ್ವಲ್ಪ ಪರವಾಗಿಲ್ಲ ಅನ್ನಿಸುತ್ತೆ, ಮರುದಿನ ಅದೇ ಪಾಡು. ನನಗೆ ಏನೂ ಗೊತ್ತಿಲ್ಲ. ಗೊತ್ತಿದ್ದವಳ ಹಾಗೆ ಆರು ವರ್ಷ ಮಾತಾಡಿದೆ."

ಸಣ್ಣೀರಮ್ಮ ಕೂಸಿನ ಬೆನ್ನು ಸವರುತ್ತ ಕೇಳಿದಳು: "ಹೀಗೆ ಅಳುವ ಕೂಸನ್ನ ನೀನು ಹಿಂದೆ ಎಲ್ಲೂ ನೋಡಿಲ್ವಾ?"

ಪಾಲಾಕ್ಷಿ ತಲೆಗೆ ಕಟ್ಟಿದ ಬಟ್ಟೆ ಸರಿಮಾಡಿಕೊಂಡಳು.

"ನೋಡಿದ್ದೀನಿ. ಹರಿಗೋಲು ಹಾಕುವವರ ಮನೆ ಹನುಮಕ್ಕನದು. ಹೋದ ವರ್ಷ."

"ಅವಳಿಗೆ ಏನು ಹೇಳಿದೆ?"

"ಅದು ಬಿಡು ಅಜ್ಜೀ."

"ಏನು ಹೇಳಿದೆ?"

"ಇಷ್ಟೂ ತಾಳ್ಮೆ ಇಲ್ಲದವಳು ಯಾಕೆ ಹೆರಬೇಕಿತ್ತು ಅಂದೆ." ಅವಳ ದನಿ ಸಣ್ಣದಾಯಿತು. "ಅವಳು ತಿರುಗಿ ಮಾತಾಡಲಿಲ್ಲ. ಜಂಬ ಅಂದುಕೊಂಡೆ. ಮಾತಾಡೋಕೆ ಅವಳಲ್ಲಿ ಶಕ್ತಿಯೇ ಇರಲಿಲ್ಲ ಅಂತ ಈಗ ಗೊತ್ತಾಗುತ್ತೆ."

"ಆ ಕೂಸು ಈಗ ಹೇಗಿದೆ?"

"ಗೋಡೆ ಹಿಡಿದು ನಡೆಯುತ್ತೆ."

"ಅವಳು ಏನು ಮಾಡಿದಳಂತೆ?"

"ಗೊತ್ತಿಲ್ಲ. ಆಮೇಲೆ ನಾನು ಆ ಮನೆ ಕಡೆ ಹೋಗಲಿಲ್ಲ."

"ನಡಿ, ಕೇಳೋಣ."

"ಯಾವ ಮುಖ ಇಟ್ಟುಕೊಂಡು ಹೋಗಲಿ ಅಜ್ಜೀ?"

"ನಿನ್ನ ಮುಖ ಯಾರು ಕೇಳಿದರು? ಕೂಸಿಗೆ ಹೊಟ್ಟೆ ನೋಯ್ತಾ ಇದೆ," ಎಂದು ಸಣ್ಣೀರಮ್ಮ ಕೂಸನ್ನು ಹೆಗಲಿಗೆ ಹಾಕಿಕೊಂಡು ನಡೆದೇಬಿಟ್ಟಳು.

ಹನುಮಕ್ಕ ಅಂಗಳದಲ್ಲಿ ಮೀನು ಹಸನು ಮಾಡುತ್ತಿದ್ದಳು. ಅಳು ಕೇಳಿ ಅವಳ ಕೈ ನಿಂತಿತು. ಪಾಲಾಕ್ಷಿಯನ್ನು ನೋಡಿದಳು. ಕೂಸನ್ನು ನೋಡಿದಳು. ಎದ್ದು ಬೂದಿ ಹಚ್ಚಿ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಬಂದಳು.

"ಹನುಮಕ್ಕಾ, ಅವತ್ತು ನಾನು ಅಂದ ಮಾತು..."

"ಅದು ಆಮೇಲೆ. ಒಳಗೆ ಬಾ."

ಒಳಗೆ ಅವಳು ಪಾಲಾಕ್ಷಿ ಹೇಳಿದ್ದನ್ನೆಲ್ಲ ಕೇಳಿ, ಅವಳ ಎದೆ ಮುಟ್ಟಿ ನೋಡಿದಳು. "ಕಲ್ಲಾಗಿದೆಯಲ್ಲೇ! ಯಾರು ಅಂದಿದ್ದು ಹಾಲು ಒಗ್ಗಲ್ಲ ಅಂತ? ಹಾಲು ಹೆಚ್ಚಾಗಿದೆ ನಿನಗೆ. ನನಗೂ ಹೀಗೇ ಇತ್ತು. ಎಲ್ಲರೂ ಒಂದೊಂದು ಹೇಳೋರು. ಒಂದು ದಿನ ಯಾರ ಮಾತೂ ಬೇಡ ಅಂತ ಕೂಸಿನ ಬಾಯನ್ನೇ ನೋಡ್ತಾ ಕೂತೆ. ಬಾಯಿ ಇಟ್ಟ ಸ್ವಲ್ಪ ಹೊತ್ತಿಗೆ ಹಾಲು ನುಗ್ಗುತ್ತೆ. ಉಸಿರಾಡೋಕೆ ಬಿಡುವಿಲ್ಲದೆ ಗಟಗಟ ನುಂಗುತ್ತೆ, ಜೊತೆಗೆ ಗಾಳಿನೂ ನುಂಗುತ್ತೆ. ಅದು ಹಾಲು ಬೇಡ ಅಂತ ಅಳ್ತಿರಲಿಲ್ಲ. ಸ್ವಲ್ಪ ತಡಿ ಅಂತ ಅಳ್ತಿತ್ತು."

ಮೊದಲು ನುಗ್ಗಿದ ಹಾಲನ್ನು ಹನುಮಕ್ಕ ಬಟ್ಟೆಗೆ ಬಿಡಿಸಿದಳು. ಪಾಲಾಕ್ಷಿಯನ್ನು ಗೋಡೆಗೆ ಹಿಂದಕ್ಕೆ ಒರಗಿಸಿ, ಹಾಲು ರಭಸವಾಗಿ ನುಗ್ಗದಿರಲೆಂದು ಕೂಸನ್ನು ಅವಳ ಮೇಲೆ ಬೋರಲಾಗಿ ಮಲಗಿಸಿದಳು.

"ನಾನು ಎಲ್ಲರಿಗೂ ನೆಟ್ಟಗೆ ಕೂರಿ ಅಂತ ಹೇಳ್ತಿದ್ದೆ," ಎಂದಳು ಪಾಲಾಕ್ಷಿ.

"ನನಗೂ ಹೇಳಿದ್ದೆ."

ಕೂಸು ಕುಡಿಯಿತು. ನಡುವೆ ಬಿಟ್ಟಿತು. ಹನುಮಕ್ಕ ಅದನ್ನು ಹೆಗಲಿಗೆ ಹಾಕಿ ಬೆನ್ನು ತಟ್ಟಿದಳು. ದೊಡ್ಡವರು ತೇಗಿದ ಹಾಗೆ ತೇಗು ಬಂತು. ಮತ್ತೆ ಕುಡಿಯಿತು. ಮತ್ತೆ ಬಿಟ್ಟು ಅತ್ತಿತು, ಮೊದಲಿನಷ್ಟಲ್ಲ. ಆಗ ಹನುಮಕ್ಕ ಅದನ್ನು ಮುಂಗೈ ಮೇಲೆ ಬೋರಲು ಹಾಕಿಕೊಂಡು ಅತ್ತಿಂದಿತ್ತ ನಡೆದಳು.

"ಇಷ್ಟಕ್ಕೇ ನಿಂತುಹೋಗುತ್ತೆ ಅಂದುಕೋಬೇಡ. ನನ್ನದು ಮೂರು ತಿಂಗಳು ಅತ್ತಿತು. ಕಡಿಮೆಯಾಗುತ್ತೆ, ಅಷ್ಟೇ."

ಸಣ್ಣೀರಮ್ಮ ಕೂಸನ್ನು ಇಸಕೊಂಡಳು. ಹನುಮಕ್ಕ ತಟ್ಟೆ ತಂದು ಬಿಸಿ ಅನ್ನ, ಬೇಳೆ ಸಾರು ಬಡಿಸಿದಳು.

"ಬೇಳೆ ಬೇಡ. ಕೂಸಿಗೆ ವಾಯು ಆಗುತ್ತೆ."

"ಹದಿನೈದು ದಿನ ಬೇಳೆ ಬಿಟ್ಟೆಯಲ್ಲ, ಅಳು ನಿಂತಿತಾ?"

"ಇಲ್ಲ."

"ಹಾಗಾದರೆ ತಿನ್ನು."

ಪಾಲಾಕ್ಷಿ ನಾಲ್ಕು ತುತ್ತು ತಿಂದಳು. ಐದನೆಯದು ಬಾಯಿಗೆ ಹೋಗಲಿಲ್ಲ. ಕೈಯಲ್ಲಿ ತುತ್ತು ಹಿಡಿದುಕೊಂಡೇ ಅತ್ತಳು. ಯಾರೂ ಸಮಾಧಾನ ಮಾಡಲಿಲ್ಲ.

"ತಪ್ಪಾಯ್ತು ಹನುಮಕ್ಕಾ."

"ಅವತ್ತು ಬಹಳ ನೋವಾಯಿತು ನನಗೆ," ಎಂದಳು ಹನುಮಕ್ಕ. "ನೀನು ಹೋದ ಮೇಲೆ ಎರಡು ದಿನ ಕೂಸನ್ನ ಎತ್ತಿಕೊಳ್ಳೋಕೇ ಹೆದರಿಕೆ ಆಗ್ತಿತ್ತು."

ಇರಲಿ ಬಿಡು ಎಂದು ಅವಳು ಹೇಳಲಿಲ್ಲ. ಇನ್ನೊಂದು ಸೌಟು ಸಾರು ಹಾಕಿದಳು.

ಉಂಡ ಕೈ ತೊಳೆದು ಪಾಲಾಕ್ಷಿ ಅಲ್ಲೇ ಒರಗಿದಳು. ಒರಗಿದ್ದಷ್ಟೇ ಅವಳಿಗೆ ಗೊತ್ತು.

ಎಚ್ಚರವಾದಾಗ ಬಿಸಿಲು ಇಳಿದಿತ್ತು. ಹನುಮಕ್ಕ ಹೊರಗೆ ತನ್ನ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ಒಲೆ ಹಚ್ಚುತ್ತಿದ್ದಳು. ಸಣ್ಣೀರಮ್ಮ ಇನ್ನೂ ನಡೆಯುತ್ತಲೇ ಇದ್ದಳು. ಕೂಸು ಅವಳ ಹೆಗಲ ಮೇಲೆ ನಿದ್ದೆ ಮಾಡಿತ್ತು. ಕಕ್ಕಿದ ಹಾಲಿನಿಂದ ಅವಳ ಕುಪ್ಪಸ ಬೆನ್ನಿನವರೆಗೆ ನೆನೆದಿತ್ತು.

"ಆಗಿನಿಂದ ಕೂತಿಲ್ವಾ ಅಜ್ಜೀ?"

"ಕೂತರೆ ಏಳುತ್ತೆ."

ಇಬ್ಬರೂ ಹೊಳೆದಂಡೆ ಹಿಡಿದು ಮನೆ ಕಡೆ ಹೊರಟರು. ಮುದುಕಿಗೆ ಕಾಲು ನೋಯುತ್ತಿತ್ತು. ಬಾಣಂತಿಗೆ ನಿದ್ದೆ ಪೂರ್ತಿ ಬಿಟ್ಟಿರಲಿಲ್ಲ. ನಿಧಾನವಾಗಿ ನಡೆದರು.

"ಹಸುವಿನ ಹಾಲು ಬೇಡ ಅಂತ ಅತ್ತೆಗೆ ಹೇಳ್ತೀನಿ," ಎಂದಳು ಪಾಲಾಕ್ಷಿ.

"ಹೂಂ."

"ಆದರೆ ರಾತ್ರಿ ಮತ್ತೆ ಅಳುತ್ತೆ."

"ಅಳುತ್ತೆ."

ಸ್ವಲ್ಪ ದೂರ ಹೋದ ಮೇಲೆ ಪಾಲಾಕ್ಷಿ ಕೇಳಿದಳು: "ನಾನು ಮತ್ತೆ ಕೆಲಸಕ್ಕೆ ಬರಲಾ ಅಜ್ಜೀ?"

"ಕೂಸಿನ ಕತ್ತು ನಿಲ್ಲಲಿ. ಆಮೇಲೆ ಬಾ."

ಮನೆ ಹತ್ತಿರ ಬಂತು. ಪಾಲಾಕ್ಷಿ ನಿಂತಳು.

"ಹಾಲು ನುಗ್ಗಿದರೆ ಕೂಸು ಹೀಗೆ ಅಳುತ್ತೆ ಅಂತ ನಿನಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು."

"ಮತ್ತೆ ಬಾಗಿಲಿಗೆ ಬಂದಾಗಲೇ ಯಾಕೆ ಹೇಳಲಿಲ್ಲ?"

ಸಣ್ಣೀರಮ್ಮ ನಿದ್ದೆಯಲ್ಲಿದ್ದ ಕೂಸನ್ನು ಮೆಲ್ಲಗೆ ಅವಳ ತೋಳಿಗೆ ದಾಟಿಸಿದಳು.

"ಹೇಳಿದ್ದರೆ ನೀನು ಅದನ್ನೂ ಕಲಿತು ಊರಿಗೆಲ್ಲ ಹೇಳಿಬಿಡುತ್ತಿದ್ದೆ. ಹನುಮಕ್ಕನ ಬಾಗಿಲಿಗೆ ಹೋಗುತ್ತಿರಲಿಲ್ಲ."