ಕೊಂಡಿಗೆ ಇಟ್ಟ ಕುಂಕುಮ

ಬಡಿದು ಕರೆಯಲೆಂದು ಬಾಗಿಲಿಗೆ ಹಾಕುವ ಕಬ್ಬಿಣದ ಬಳೆಗೆ ನಮ್ಮೂರಿನಲ್ಲಿ ಕೊಂಡಿ ಎನ್ನುತ್ತಿದ್ದರೋ, ಕಡಗ ಎನ್ನುತ್ತಿದ್ದರೋ, ಸರಿಯಾಗಿ ನೆನಪಿಲ್ಲ. ಕೊಂಡಿ ಎಂದೇ ಇರಲಿ. ಅಂಥದೊಂದು ಕೊಂಡಿ ಹಳೆಯ ಬಾಗಿಲಿನ ಜೊತೆ ದೂರದ ನಾಗಪುರಕ್ಕೆ ಬಂದಿತ್ತು. ಆ ಮನೆಯವರು ಮೊದಲ ಸಲ ಕಾವಲಿಗೆ ಕ್ಯಾಮೆರಾ ಕೊಳ್ಳುವವರಿದ್ದರು. ನೋಡಿ ಆರಿಸಿಕೊಳ್ಳಲಿ ಎಂದು ಅಂಗಡಿಯವನು ಎರಡನ್ನು ಬಾಗಿಲ ಮೇಲೆ ಕೂರಿಸಿ ಹೋಗಿದ್ದ.

“ನಾನು ಕತ್ತಲೆಯಲ್ಲೂ ಬೀದಿಯ ಕೊನೆಯವರೆಗೆ ನೋಡಬಲ್ಲೆ,” ಎಂದಿತು ದೊಡ್ಡದು.

“ನನಗೆ ಅಷ್ಟು ಕಾಣದು. ಆದರೆ ಬಂದವರೊಡನೆ ಮಾತಾಡಲು ಬರುತ್ತದೆ,” ಎಂದಿತು ಚಿಕ್ಕದು.

“ಬಾಗಿಲು ಕಾಯುವವನಿಗೆ ಹರಟೆ ಯಾಕಯ್ಯಾ?” ಎಂದು ದೊಡ್ಡದು ನಕ್ಕಿತು.

ಅಷ್ಟರಲ್ಲಿ ನಮ್ಮ ಕಡೆಯ ಹೆಂಗಸೊಬ್ಬಳು ಬಂದಳು. ಮನೆಗೆ ಬೀಗ ಹಾಕಿತ್ತು. ಮದುವೆಗೆ ಕರೆಯಲು ಬಂದವರು ಬೀಗ ಕಂಡರೆ ಮಾಡುವಂತೆ, ಅವಳು ಕೊಂಡಿಗೆ ಕುಂಕುಮ ಹಚ್ಚಿ ಹೊಸ್ತಿಲ ಮೇಲೆ ಅಕ್ಷತೆ ಇಟ್ಟಳು.

“ಬಾಗಿಲಿಗೆ ಕೈ ಹಾಕಿದಳು! ಕಳ್ಳಿ!” ಎಂದುಕೊಂಡು ದೊಡ್ಡದು ಕಿರ್ರೆಂದು ಗಂಟೆ ಬಾರಿಸಿತು. ಅವಳು ಬೆದರಿ ಮೆಟ್ಟಿಲಿಳಿದಳು.

“ಅಯ್ಯೋ, ಕರೆಯಲು ಬಂದವಳಪ್ಪಾ!” ಎಂದು ಕೊಂಡಿ ಅತ್ತಿತು. “ಊರು ಬಿಟ್ಟ ಮೇಲೆ ನನಗೆ ಯಾರೂ ಕುಂಕುಮ ಇಟ್ಟಿರಲಿಲ್ಲ.”

ಚಿಕ್ಕದು ಮೆಲ್ಲಗೆ ಕರೆಯಿತು: “ತಾಯೀ, ಹೋಗಬೇಡಿ. ಯಾರ ಮದುವೆ?”

ಅವಳು ತಿರುಗಿ ನಿಂತಳು. “ನನ್ನ ತಂಗಿಯದು. ಮನೆಯವರೆಲ್ಲ ನಿಮ್ಮ ಅಜ್ಜಿಯನ್ನೂ ಕರೆದುಕೊಂಡು ಬರಬೇಕು,” ಎಂದಳು.

ಮೇದಿನೀ, ನಿನ್ನ ಅಜ್ಜಿ ಹೇಳುವ ಕಥೆ ಇಷ್ಟೇ. ಯಾವುದು ಬೇಕೆಂದು ಕೇಳಿ ಅಂಗಡಿಯವನು ಕೊಟ್ಟ ಚೀಟಿಯ ಮೇಲೆ ಬರೆ ಮಗಳೇ, ನಮಗೆ ಮಾತಾಡುವ ಕ್ಯಾಮೆರಾನೇ ಬೇಕು ಎಂದು. ಅದಕ್ಕೆ ಕನ್ನಡ ಬರಬೇಕು ಎಂದೂ ಬರೆ.