ಟಗರಿನ ಹಿಂದಿನ ಮೊಣಕಾಲು

“‘ನೀನು ಹಿಂದೆ ಕೂರಲೆಂದೇ ಹುಟ್ಟಿದವನು, ಮಗಾ’ ಎಂದು ನನ್ನ ಅಜ್ಜ ಚಿಕ್ಕಂದಿನಲ್ಲಿ ಹೇಳುತ್ತಿದ್ದರು. ಅದು ನಿಜವೇ, ಗುರುಗಳೇ?” ಎಂದು ಗವಿಯಪ್ಪನೆಂಬ ಶಿಷ್ಯನು ಕೇಳಿದನು.

ಮಠದ ಸಂಜೆಯ ಸಭೆಯಲ್ಲಿ ಶಿಷ್ಯನೊಬ್ಬನು ಎದ್ದು ಗ್ರಂಥವನ್ನು ಓದಿ ಅರ್ಥ ಹೇಳುವುದು ವಾಡಿಕೆ. ಗವಿಯಪ್ಪನು ಎದ್ದಾಗಲೆಲ್ಲ ಮುಂದಿನ ಸಾಲಿನ ನಂಜಯ್ಯನು ತಿರುಗಿ ನೋಡುತ್ತಿದ್ದನು. ಇವನು ಕುಳಿತುಬಿಡುತ್ತಿದ್ದನು. ಒಂದು ವರ್ಷದಲ್ಲಿ ಒಮ್ಮೆಯೂ ಓದಿರಲಿಲ್ಲ. ಊರಿಗೆ ಮರಳುವುದೇ ಲೇಸೆಂದು ಅಂದು ಬಟ್ಟೆಯ ಗಂಟನ್ನೂ ಕಟ್ಟಿಟ್ಟಿದ್ದನು.

“ಕೇಳುವುದೇನಿದೆ ಮಾರಾಯ? ನಿನ್ನ ಅಜ್ಜನಿಗೆ ಗೊತ್ತಿತ್ತು” ಎಂದು ನಂಜಯ್ಯನು ನಕ್ಕನು.

ಗುರುಗಳು ಹೇಳಿದರು:

“ಒಬ್ಬ ಕುರಿಗಾಹಿಯ ಬಳಿ ಎರಡು ಟಗರುಗಳಿದ್ದವು. ಒಂದು ಕರಿಯದು, ಇನ್ನೊಂದು ಬಿಳಿಗಿವಿಯದು. ನೀರಿನ ತೊಟ್ಟಿಯ ಮುಂದೆ ಒಂದೇ ಟಗರು ನಿಲ್ಲುವಷ್ಟು ಜಾಗ. ಬಿಳಿಗಿವಿಯದು ಬಾಯಿ ಹಾಕುವಷ್ಟರಲ್ಲಿ ಕರಿಯದು ಬಂದು ನಿಲ್ಲುತ್ತಿತ್ತು. ಗುದ್ದುತ್ತಿರಲಿಲ್ಲ, ಸುಮ್ಮನೆ ನೋಡುತ್ತಿತ್ತು. ಬಿಳಿಗಿವಿಯದು ಹಿಂದೆ ಸರಿಯುತ್ತಿತ್ತು. ನೀರಿಲ್ಲದೆ ಅದು ಸೊರಗಿತು. ‘ಕಟುಕನಿಗೆ ಕೊಟ್ಟುಬಿಡು’ ಎಂದನು ನೆರೆಯವನು.

ಕುರಿಗಾಹಿಯು ಎರಡರ ಕೊಂಬುಗಳನ್ನೂ ಗೇಣು ಹಾಕಿ ಅಳೆದನು. ಸಮವಾಗಿದ್ದವು. ಮರುದಿನ ಅವನು ಬಿಳಿಗಿವಿಯ ಟಗರಿನ ಹಿಂದೆ ನಿಂತು, ಅದು ಸರಿಯದಂತೆ ತನ್ನ ಮೊಣಕಾಲನ್ನು ಅಡ್ಡ ಕೊಟ್ಟನು. ಕರಿಯದು ಬಂದಿತು. ಬಿಳಿಗಿವಿಯದು ನಡುಗಿತು, ಆದರೆ ಹಿಂದಕ್ಕೆ ಜಾಗವಿರಲಿಲ್ಲ. ಹಣೆಗೆ ಹಣೆ ತಾಗಿತು. ಬಹಳ ಹೊತ್ತಿನ ಮೇಲೆ ಕರಿಯದು ಪಕ್ಕಕ್ಕೆ ಹೋಯಿತು. ಆರು ದಿನ ಹೀಗೆ ನಡೆಯಿತು. ಏಳನೆಯ ದಿನ ಕುರಿಗಾಹಿಯು ದೂರದ ಬಂಡೆಯ ಮೇಲೆ ಕುಳಿತನು. ಕರಿಯದು ಬಂದಿತು, ನೋಡಿತು. ಬಿಳಿಗಿವಿಯದು ತಲೆಯೆತ್ತದೆ ನೀರು ಕುಡಿಯಿತು.

‘ಏನಪ್ಪಾ, ಕೊಂಬಿಗೆ ಕಬ್ಬಿಣ ಹಾಕಿಸಿದೆಯಾ?’ ಎಂದು ನೆರೆಯವನು ಕೇಳಿದನು.

‘ಕೊಂಬು ಅದೇ ಅಣ್ಣಾ. ಬದಲಾದದ್ದು ಅದರ ಹಿಂದಿರುವ ಮಿದುಳು. ಸೋತು ಸೋತು ಸರಿಯುವುದನ್ನು ಕಲಿತಿತ್ತು. ಈಗ ಆರು ಸಲ ಗೆದ್ದಿದೆ, ನಿಲ್ಲುವುದನ್ನು ಕಲಿತಿದೆ.’”

“ಹಾಗಾದರೆ ಕರಿಯ ಟಗರು ಬಾಯಾರಿ ಸತ್ತಿತೇ?” ಎಂದನು ನಂಜಯ್ಯ. ಈಗ ಅವನು ನಗುತ್ತಿರಲಿಲ್ಲ.

“ಇಲ್ಲಪ್ಪಾ. ಅದೂ ಕುಡಿಯಿತು, ಎರಡನೆಯದಾಗಿ.”

ಗುರುಗಳು ತಮ್ಮ ಚಾಪೆಯನ್ನು ಸುತ್ತಿಕೊಂಡು ಎದ್ದರು. ಸಾಲುಗಳನ್ನು ದಾಟಿ ಕೊನೆಯ ಸಾಲಿಗೆ ಬಂದರು. ಗವಿಯಪ್ಪನ ಬೆನ್ನ ಹಿಂದೆ ಚಾಪೆಯನ್ನು ಹಾಸಿ, ಸಭೆಗೆಲ್ಲ ಕೇಳುವಂತೆ ಹೇಳಿದರು:

“ಇಂದಿನಿಂದ ಗವಿಯಪ್ಪನು ಓದುತ್ತಾನೆ; ಆರು ದಿನ ನಾನು ಇಲ್ಲಿ ಕೂರುತ್ತೇನೆ.”